ಕೆರಿಬಿಯನ್ ಕಾರ್ನಿವಲ್ ಅಂದ್ರೆ ಬರೀ ಗರಿ, ಕುಣಿತ ಅಷ್ಟೇನಾ?

ಜಯನಗರ_ಜೋಳಿಗೆ

ಆಗಸ್ಟ್ ಕೊನೆಯಲ್ಲಿ ಅಕ್ಕನ ಮನೆಗೆ ಲಂಡನ್‌ಗೆ ಹೋಗುತ್ತಿದ್ದೇನೆ. ಅದೇ ಸಮಯಕ್ಕೆ ನಾಟಿಂಗ್ ಹಿಲ್ ಕಾರ್ನಿವಲ್ ಇದೆಯಂತೆ. ಭಾವ "ಬೇಡಪ್ಪ, ಬರೀ ಗಲಾಟೆ, ಕುಡಿತ" ಅಂತಾರೆ. ಅಕ್ಕ ನೋಡಲೇಬೇಕು ಅಂತಾಳೆ. ವಿಡಿಯೋ ನೋಡಿದರೆ ಟ್ರಿನಿಡಾಡ್, ಟೊರೊಂಟೊ, ಲಂಡನ್ ಎಲ್ಲಾ ನನಗೆ ಒಂದೇ ಥರ ಕಾಣುತ್ತವೆ. ಗರಿ, ಮಣಿ, ಲಾರಿ ತುಂಬಾ ಸ್ಪೀಕರ್. ಇದರಲ್ಲಿ ನಿಜವಾಗಿ ನೋಡೋದಕ್ಕೆ ಏನಿದೆ? ಇನ್ನೊಂದು ಅನುಮಾನ: ಟ್ರಿನಿಡಾಡ್‌ನಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ಆಗುವ ಹಬ್ಬ ಇಲ್ಲಿ ಆಗಸ್ಟ್‌ನಲ್ಲಿ ಯಾಕೆ? ತಿಳಿದವರು ಸ್ವಲ್ಪ ಹೇಳಿ.

ಕ್ರಾಯ್ಡನ್_ಕಾಫಿ

ನಿಮ್ಮ ಭಾವ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅದಕ್ಕೆ ಹೆದರಿ ಮನೇಲಿ ಕೂರಬೇಡಿ. ನಾನು ಇಲ್ಲಿಗೆ ಬಂದ ಮೇಲೆ ಸುಮಾರು ಸಲ ಹೋಗಿದ್ದೇನೆ.

ಆಗಸ್ಟ್ ಯಾಕೆ ಅಂದ್ರೆ ಮೊದಲ ಕಾರಣ ಬಿಸಿಲು, ಎರಡನೇದು ಬ್ಯಾಂಕ್ ಹಾಲಿಡೇ ಸೋಮವಾರ, ಅಂದ್ರೆ ಇಲ್ಲಿನ ಸಾರ್ವಜನಿಕ ರಜೆ. ಆದರೆ ಇಲ್ಲಿ ನಡೆದ ಮೊದಲ ಕಾರ್ನಿವಲ್ ಜನವರಿಯಲ್ಲಿ, ಅದೂ ಒಂದು ಸಭಾಂಗಣದ ಒಳಗೆ! ಆ ಕಥೆ ಗೊತ್ತಿದ್ದರೆ ನೋಡುವ ಕಣ್ಣೇ ಬೇರೆ ಆಗುತ್ತೆ.

1958ರ ಆಗಸ್ಟ್ ಕೊನೆಯಲ್ಲಿ ನಾಟಿಂಗ್ ಹಿಲ್‌ನಲ್ಲಿ ಬಿಳಿಯ ಹುಡುಗರ ಗುಂಪುಗಳು ಕೆರಿಬಿಯನ್‌ನಿಂದ ಬಂದವರ ಮೇಲೆ, ಅವರ ಮನೆಗಳ ಮೇಲೆ ಬಿದ್ದವು. ದಿನಗಟ್ಟಲೆ ಗಲಭೆ ನಡೆಯಿತು. ಆಗ ಕ್ಲಾಡಿಯಾ ಜೋನ್ಸ್ ಎಂಬ ಹೆಂಗಸು ಲಂಡನ್‌ನಲ್ಲಿದ್ದರು. ಹುಟ್ಟಿದ್ದು ಟ್ರಿನಿಡಾಡ್‌ನಲ್ಲಿ, ಬೆಳೆದದ್ದು ನ್ಯೂಯಾರ್ಕ್‌ನಲ್ಲಿ. ಕಮ್ಯುನಿಸ್ಟ್ ಅಂತ ಅಮೆರಿಕ ಜೈಲಿಗೆ ಹಾಕಿತ್ತು, ಆಮೇಲೆ ದೇಶದಿಂದಲೇ ಹೊರಗೆ ಕಳಿಸಿತ್ತು. ಅವರು ಇಲ್ಲಿ 'ವೆಸ್ಟ್ ಇಂಡಿಯನ್ ಗೆಜೆಟ್' ಅನ್ನೋ ಪತ್ರಿಕೆ ನಡೆಸುತ್ತಿದ್ದರು. 1959ರ ಜನವರಿ 30ರಂದು ಸೇಂಟ್ ಪ್ಯಾಂಕ್ರಸ್ ಟೌನ್ ಹಾಲ್‌ನಲ್ಲಿ ಕಾರ್ನಿವಲ್ ಮಾಡಿಸಿದರು. ಬಿಬಿಸಿ ಟಿವಿಯಲ್ಲೂ ತೋರಿಸಿತು. ಬಂದ ಹಣದಲ್ಲಿ ಒಂದು ಪಾಲು ಗಲಭೆಯಲ್ಲಿ ಸಿಕ್ಕಿಬಿದ್ದ ಹುಡುಗರ ದಂಡ ಕಟ್ಟೋದಕ್ಕೆ.

ರಸ್ತೆಗೆ ಇಳಿದದ್ದು 1966ರಲ್ಲಿ. ರೋನ್ ಲಾಸ್ಲೆಟ್ ಎಂಬ ಸಮಾಜ ಸೇವಕಿ ಬಡಾವಣೆಯ ಮಕ್ಕಳಿಗೋಸ್ಕರ ಒಂದು ಬೀದಿ ಜಾತ್ರೆ ಮಾಡಿದರು. ಎಣ್ಣೆ ಡ್ರಮ್ಮಿನಿಂದ ಮಾಡುವ ಸ್ಟೀಲ್‌ಪ್ಯಾನ್ ಅನ್ನೋ ವಾದ್ಯ ನುಡಿಸೋದಕ್ಕೆ ರಸೆಲ್ ಹೆಂಡರ್ಸನ್ ಮತ್ತು ಅವರ ಜೊತೆಗಾರರನ್ನು ಕರೆದಿದ್ದರು. ಒಂದೇ ಕಡೆ ನಿಂತು ನುಡಿಸಿದರೆ ಕಳೆ ಕಟ್ಟುತ್ತಿಲ್ಲ ಅನ್ನಿಸಿತು ಹೆಂಡರ್ಸನ್‌ಗೆ. ಪ್ಯಾನ್ ಕುತ್ತಿಗೆಗೆ ನೇತುಹಾಕಿಕೊಂಡು ಹಾಗೇ ನಡೆಯತೊಡಗಿದರು. ಮಕ್ಕಳು, ಹೆಂಗಸರು, ದಾರಿಹೋಕರು ಎಲ್ಲಾ ಹಿಂದೆ ಹೊರಟರು. ಇವತ್ತಿನ ಮೆರವಣಿಗೆ ಶುರುವಾದದ್ದು ಹಾಗೆ. ಕ್ಲಾಡಿಯಾ ಅದನ್ನು ನೋಡಲಿಲ್ಲ. 1964ರಲ್ಲೇ ತೀರಿಕೊಂಡಿದ್ದರು. ಲಂಡನ್‌ನ ಹೈಗೇಟ್ ಸ್ಮಶಾನದಲ್ಲಿ ಕಾರ್ಲ್ ಮಾರ್ಕ್ಸ್ ಪಕ್ಕದಲ್ಲೇ ಅವರ ಸಮಾಧಿ ಇದೆ.

ತಮಟೆ_ಮಂಜ

ಕಾಫಿ ಮೇಡಂ ಚೆನ್ನಾಗಿ ಹೇಳಿದರು. ಆದರೆ ಬೇರು ಟ್ರಿನಿಡಾಡ್‌ನಲ್ಲಿದೆ, ಅದನ್ನೂ ಹೇಳಬೇಕು. ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

1783ರಲ್ಲಿ ಸ್ಪೇನ್ ರಾಜ ಟ್ರಿನಿಡಾಡ್‌ಗೆ ಕ್ಯಾಥೊಲಿಕ್ ವಲಸಿಗರನ್ನು ಕರೆದ. ಫ್ರೆಂಚ್ ಜಮೀನ್ದಾರರು ಆಫ್ರಿಕಾದ ಗುಲಾಮರನ್ನು ಕರೆದುಕೊಂಡು ಬಂದರು. ಕ್ರೈಸ್ತರ ನಲವತ್ತು ದಿನದ ಉಪವಾಸ ಶುರುವಾಗೋದು ಬೂದಿ ಬುಧವಾರ. ಅದಕ್ಕೆ ಮುಂಚೆ ಮೋಜು ಮಾಡೋದು ಅವರ ರೂಢಿ. ಅದಕ್ಕೇ ಅಲ್ಲಿ ಇವತ್ತಿಗೂ ಆ ಬುಧವಾರದ ಹಿಂದಿನ ಸೋಮವಾರ, ಮಂಗಳವಾರವೇ ಕಾರ್ನಿವಲ್. ದೊರೆಗಳು ಬಂಗಲೆಯೊಳಗೆ ಮುಖವಾಡ ಹಾಕಿ ಕುಣಿಯುತ್ತಿದ್ದರು. ಕೆಲವರು ಗುಲಾಮರ ವೇಷ ಹಾಕಿ ತಮಾಷೆ ಮಾಡುತ್ತಿದ್ದರು. 1838ರಲ್ಲಿ ಬಿಡುಗಡೆ ಸಿಕ್ಕಿದ ಮೇಲೆ ಲೆಕ್ಕ ತಿರುಗಿತು. ಗುಲಾಮರಾಗಿದ್ದವರು ಬೀದಿಗೆ ಬಂದರು. ಪಂಜು, ಡೋಲು, ದೊಣ್ಣೆವರಸೆ. ಈ ಸಲ ದೊರೆಸಾನಿಗಳ ವೇಷ ಹಾಕಿ ಅಣಕಿಸಿದವರು ಅವರು. ಎದೆಗೂ ಹಿಂದಕ್ಕೂ ದಿಂಬು ಕಟ್ಟಿಕೊಂಡು ಬರುವ 'ಡೇಮ್ ಲೊರೇನ್' ವೇಷ ಈಗಲೂ ಇದೆ.

ಬ್ರಿಟಿಷರಿಗೆ ಇದು ಆಗಿಬರಲಿಲ್ಲ. 1881ರಲ್ಲಿ ಕ್ಯಾಪ್ಟನ್ ಬೇಕರ್ ಎಂಬ ಪೊಲೀಸ್ ಅಧಿಕಾರಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಪಂಜಿನ ಮೆರವಣಿಗೆ ತಡೆಯೋದಕ್ಕೆ ಹೋದ. ದೊಣ್ಣೆ ಹಿಡಿದವರು ತಿರುಗಿಬಿದ್ದರು. ಕ್ಯಾನ್‌ಬುಲೇ ಗಲಭೆ ಅಂತ ಅದಕ್ಕೆ ಹೆಸರು. ಈಗಲೂ ಕಾರ್ನಿವಲ್‌ಗೆ ಮುಂಚಿನ ಶುಕ್ರವಾರ ಬೆಳಗಿನ ಜಾವ ಅದನ್ನು ಬೀದಿಯಲ್ಲಿ ಆಡಿ ತೋರಿಸುತ್ತಾರೆ. 1884ರಲ್ಲಿ ಕಾನೂನು ಬಂತು. ಪಂಜು, ದೊಣ್ಣೆಗುಂಪು, ಡೋಲು ಎಲ್ಲಕ್ಕೂ ಕಡಿವಾಣ.

ಜನ ಸುಮ್ನೆ ಕೂರಲಿಲ್ಲ. ಬಿದಿರು ಕಡಿದರು. ದಪ್ಪದ್ದು, ಸಣ್ಣದ್ದು, ಉದ್ದದ್ದು, ಗಿಡ್ಡದ್ದು. ನೆಲಕ್ಕೆ ಕುಟ್ಟಿದರೆ ಒಂದೊಂದಕ್ಕೂ ಒಂದೊಂದು ದನಿ. ಅದು ಟಂಬೂ ಬ್ಯಾಂಬೂ. 1930ರ ದಶಕದಲ್ಲಿ ಬಿದಿರಿನ ಜಾಗಕ್ಕೆ ಬಿಸ್ಕತ್ ಡಬ್ಬಿ, ಕಸದ ತೊಟ್ಟಿಯ ಮುಚ್ಚಳ, ಕಾರಿನ ಬ್ರೇಕ್ ಡ್ರಮ್ ಬಂದವು. ಬಡಿದು ಬಡಿದು ತಗ್ಗಾದ ಕಡೆ ಬೇರೆ ಸ್ವರ ಬರುತ್ತೆ ಅಂತ ಹುಡುಗರಿಗೆ ಗೊತ್ತಾಯಿತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬೀದಿ ಕಾರ್ನಿವಲ್ ನಿಂತಿತ್ತು, ಆದರೆ ಹಿತ್ತಲಲ್ಲಿ ಬಡಿಯೋದು ನಿಲ್ಲಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಎಣ್ಣೆ ಡ್ರಮ್ಮುಗಳು ಸಿಕ್ಕವು. ಸ್ಟೀಲ್‌ಪ್ಯಾನ್ ಹುಟ್ಟಿದ್ದು ಹೀಗೆ. ಡೋಲು ಕಿತ್ತುಕೊಂಡ ಸರ್ಕಾರಕ್ಕೆ ಅವರು ಕೊಟ್ಟ ಉತ್ತರ ಅದು. ನನ್ನ ಪ್ರಕಾರ ಇದು ಗೊತ್ತಿಲ್ಲದೆ ಗರಿ ನೋಡೋದು ಊಟ ಬಿಟ್ಟು ಎಲೆ ನೋಡಿದ ಹಾಗೆ.

ಸೀದಾಮಾತು_ಸಿದ್ದ

ಮಂಜಣ್ಣ, ಇತಿಹಾಸ ಎಲ್ಲಾ ಸರಿ. ಆದರೆ ಈಗ ಅಲ್ಲಿ ಏನಿದೆ ಹೇಳಿ? ವೇಷದ ಪ್ಯಾಕೇಜು, ಊಟ-ಕುಡಿತ ಸೇರಿ ಒಂದು ರೇಟು. ಮಣಿ ಪೋಣಿಸಿದ ಬಿಕಿನಿ ಎಷ್ಟೋ ಸಲ ಚೀನಾದಿಂದ ಬರುತ್ತೆ. ದುಡ್ಡು ಕೊಟ್ಟವರು ಹಗ್ಗದ ಒಳಗೆ ಕುಣೀತಾರೆ, ಹಗ್ಗ ಹಿಡಿದ ಸೆಕ್ಯೂರಿಟಿಯವರು ಉಳಿದವರನ್ನು ದೂಡ್ತಾರೆ. ಬೀದಿಗೋಸ್ಕರ ಹೊಡೆದಾಡಿದವರ ಮೊಮ್ಮಕ್ಕಳು ಅದೇ ಬೀದೀಲಿ ಹಗ್ಗದ ಆಚೆ ನಿಂತು ನೋಡಬೇಕಾ? ಕಥೆ ಹೇಳಿ ಮರುಳು ಮಾಡಬೇಡಿ.

ತಮಟೆ_ಮಂಜ

ಹಗ್ಗದ ವಿಷಯ ಒಪ್ಪುತ್ತೇನೆ. ಅಲ್ಲಿನವರೇ ಬೈಯುತ್ತಾರೆ. ಆದರೆ ಅಲ್ಲಿಗೇ ಮುಗಿಯಲ್ಲ. ಸೋಮವಾರ ಬೆಳಗಿನ ಜಾವ ಕತ್ತಲಲ್ಲೇ ಶುರುವಾಗುತ್ತಲ್ಲ, ಜೂವೇ ಅಂತಾರೆ, ಅಲ್ಲಿ ಗರಿಯೂ ಇಲ್ಲ, ಮಿಂಚೂ ಇಲ್ಲ. ಕೆಸರು, ಬಣ್ಣ, ಕೋಕೋ ಮೈಗೆಲ್ಲಾ ಮೆತ್ತಿಕೊಂಡು ಬರುತ್ತಾರೆ. ಪಾರಾಮಿನ್ ಬೆಟ್ಟದ ಹಳ್ಳಿಯವರು ನೀಲಿ ಬಳಿದುಕೊಂಡು ಬಾಯಿಂದ ಕೆಂಪು ನೀರು ಸುರಿಸುತ್ತಾ, ಬೆಂಕಿ ಉಗುಳುತ್ತಾ ನೋಡುವವರ ಹತ್ತಿರ ಕಾಸು ಕೇಳುತ್ತಾರೆ. ಕೊಡೋ ತನಕ ಬಿಡಲ್ಲ.

ವೇಷ ಅಂದ್ರೆ ಬಿಕಿನಿ ಅನ್ನೋರು ಪೀಟರ್ ಮಿನ್ಷಲ್ ಹೆಸರು ಹುಡುಕಿ. 1983ರಲ್ಲಿ 'ರಿವರ್' ಅಂತ ಒಂದು ತಂಡ ತಂದರು. ಸೋಮವಾರ ಎಲ್ಲರೂ ಬಿಳಿ ಹತ್ತಿ ಬಟ್ಟೆ. ಎದುರಾಳಿ 'ಮ್ಯಾನ್‌ಕ್ರ್ಯಾಬ್', ಅರ್ಧ ಮನುಷ್ಯ ಅರ್ಧ ಯಂತ್ರದ ಏಡಿ. ಅದರ ತಲೆ ಮೇಲೆ ತಂತಿಗಳಿಂದ ಎತ್ತಿ ಹಿಡಿದ ದೊಡ್ಡ ಬಿಳಿ ರೇಷ್ಮೆ ಬಟ್ಟೆ. ವೇದಿಕೆ ಮೇಲೆ ಕುಣಿಯುತ್ತಿದ್ದಂತೆ ಆ ಬಿಳಿ ಬಟ್ಟೆಗೆ ಕೆಂಪು ಹರಡುತ್ತಾ ಹೋಯಿತು, ರಕ್ತದ ಥರ. ಮಂಗಳವಾರ ಆ ಬಿಳಿ ಬಟ್ಟೆಯವರ ಮೇಲೆಲ್ಲಾ ಬಣ್ಣ ಸುರಿದರು. ನದಿ ಕೆಟ್ಟ ಕಥೆ ಅದು. ಪರಿಸರದ ಬಗ್ಗೆ ಭಾಷಣ ಮಾಡಿಲ್ಲ, ಬೀದೀಲಿ ತೋರಿಸಿದರು. ಮುಂದೆ ಬಾರ್ಸಿಲೋನಾ ಒಲಿಂಪಿಕ್ಸ್ ಉದ್ಘಾಟನೆಗೆ ಕರೆದ ಕಲಾವಿದರಲ್ಲಿ ಇವರೂ ಒಬ್ಬರು.

ಒಂಟಾರಿಯೋ_ಒಗ್ಗರಣೆ

ಬಿಕಿನಿ ಬಿಕಿನಿ ಅಂತ ಗಂಡಸರೇ ಜಾಸ್ತಿ ತಲೆ ಕೆಡಿಸಿಕೊಂಡಿದ್ದೀರಿ ಅಲ್ವಾ? ನಾನು ಟೊರೊಂಟೊದಲ್ಲಿದ್ದೇನೆ. ಇಲ್ಲಿ ಆಗಸ್ಟ್ ಮೊದಲ ವಾರಾಂತ್ಯಕ್ಕೆ ಕಾರ್ನಿವಲ್. 1967ರಲ್ಲಿ ಕೆನಡಾಗೆ ನೂರು ವರ್ಷ ತುಂಬಿದಾಗ ಕೆರಿಬಿಯನ್ ಸಮುದಾಯದವರು ಶುರು ಮಾಡಿದ್ದು. ಜನ ಇವತ್ತಿಗೂ ಕ್ಯಾರಿಬಾನಾ ಅಂತಲೇ ಕರೀತಾರೆ. ಆ ಹೆಸರಿನ ಮೇಲೆ ಕೋರ್ಟು ಕಚೇರಿ ಎಲ್ಲಾ ಆಗಿ ಈಗ ಅಧಿಕೃತ ಹೆಸರು ಬೇರೆ. ಆಗಸ್ಟ್ 1 ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ಹೋದ ದಿನ, ಅದೂ ಇದಕ್ಕೆ ಹೊಂದುತ್ತೆ.

ನಮ್ಮ ಆಫೀಸಿನಲ್ಲಿ ಟ್ರಿನಿಡಾಡ್ ಮೂಲದ ಒಬ್ಬರು ಹಿರಿಯರಿದ್ದರು. ಮೊಮ್ಮಕ್ಕಳಾಗಿವೆ. ವರ್ಷ ಪೂರ್ತಿ ಗಂಭೀರವಾಗಿ ಅಕೌಂಟ್ಸ್ ನೋಡೋರು. ಆ ಒಂದು ದಿನ ಮಣಿ, ಗರಿ, ಕಿರೀಟ ಎಲ್ಲಾ ಹಾಕ್ಕೊಂಡು ರಸ್ತೆಗೆ ಇಳಿಯೋರು. ಹೊಟ್ಟೆ ಕಾಣುತ್ತೆ, ಮಂಡಿ ನೋಯುತ್ತೆ, ಏನೂ ಲೆಕ್ಕಕ್ಕಿಲ್ಲ. "ಇವತ್ತು ನನ್ನನ್ನು ಯಾರೂ ಏನೂ ಅನ್ನೋ ಹಾಗಿಲ್ಲ" ಅನ್ನೋರು. ಟ್ರಿನಿಡಾಡ್‌ನಲ್ಲೂ ವೇಷ ಹಾಕೋರಲ್ಲಿ ಹೆಂಗಸರೇ ಹೆಚ್ಚು. ನೋಡೋರಿಗೋಸ್ಕರ ಹಾಕಿದ್ದು ಅಂತ ಅಂದುಕೊಂಡರೆ ಏನೂ ಅರ್ಥ ಆಗಲ್ಲ.

ಅವರ ಜೊತೆ ಒಂದು ಸಲ ಮಾಸ್ ಕ್ಯಾಂಪ್‌ಗೆ ಹೋಗಿದ್ದೆ. ವೇಷ ತಯಾರಾಗುವ ಶೆಡ್ಡು ಅದು. ಬೆನ್ನಿಗೆ ಕಟ್ಟುವ ರೆಕ್ಕೆಯ ಕೆಳಗೆ ಅಲ್ಯೂಮಿನಿಯಂ ಕಡ್ಡಿ, ತಂತಿ ಬಗ್ಗಿಸಿ ಮಾಡಿದ ಚೌಕಟ್ಟು. ಭುಜ ಕೊರೆಯಬಾರದು ಅಂತ ಪಟ್ಟಿಗೆ ಫೋಮ್ ಸುತ್ತಿದ್ದರು. ಎಲ್ಲಾ ಕಡೆ ಗ್ಲೂ ಗನ್ ವಾಸನೆ. ಒಬ್ಬ ಅಜ್ಜ ಇಕ್ಕಳ ಹಿಡಿದು ತಂತಿ ತಿರುಗಿಸುತ್ತಾ ಕೂತಿದ್ದರು. ಈ ಕೆಲಸ ಕಲಿಯೋಕೆ ಈಗಿನ ಹುಡುಗರು ಬರಲ್ಲ ಅಂತ ಗೊಣಗಿದರು. ಸಿದ್ದಣ್ಣ ಚೀನಾ ವಿಷಯ ಹೇಳಿದರಲ್ಲ, ಆ ಅಜ್ಜನ ಸಂಕಟಾನೂ ಅದೇ.

ಮುಳಗುಂದ_ನಾಕಾ

ಇಷ್ಟೆಲ್ಲಾ ಮಾತಾಡಿ ಅಲ್ಲಿನ ನಮ್ಮವರ ಬಗ್ಗೆ ಒಬ್ಬರೂ ಹೇಳಲಿಲ್ಲವಲ್ಲ! 1845ರ ಮೇ 30ರಂದು 'ಫತೆಲ್ ರಜಾಕ್' ಹಡಗು ಇನ್ನೂರಕ್ಕೂ ಹೆಚ್ಚು ಭಾರತೀಯ ಕೂಲಿಗಳನ್ನು ಹೊತ್ತು ಟ್ರಿನಿಡಾಡ್ ಮುಟ್ಟಿತು. ಗುಲಾಮರು ಬಿಡುಗಡೆ ಆದರು, ಕಬ್ಬಿನ ಗದ್ದೆಗೆ ಆಳು ಬೇಕಿತ್ತು. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಮದ್ರಾಸ್ ಬಂದರಿನಿಂದಲೂ ಕೆಲವರು ಹೋದರು.

ಅವರು ಮೊಹರಂ ಕೊಂಡೊಯ್ದರು. ಅಲ್ಲಿ ಅದಕ್ಕೆ ಹೋಸೇ ಅಂತಾರೆ. ನಮ್ಮ ಗದಗ ಕಡೆ ಇದ್ದಂಗ ಅಲ್ಲೂ ಹಿಂದೂಗಳು ಸೇರುತ್ತಿದ್ದರು, ಆಫ್ರಿಕಾ ಮೂಲದವರು ಡೋಲು ಬಡಿಯುತ್ತಿದ್ದರು. ಈಗ ವರ್ಷ ಗಮನಿಸಿ. ಮಂಜಣ್ಣ ಹೇಳಿದ ಡೋಲಿನ ಕಾನೂನು ಬಂದದ್ದು 1884. ಅದೇ ವರ್ಷ ಹೋಸೇ ಮೆರವಣಿಗೆ ಪಟ್ಟಣದೊಳಗೆ ಬರಬಾರದು ಅಂತ ಸರ್ಕಾರ ತಡೆ ಹಾಕಿತು. ಅಕ್ಟೋಬರ್ 30ಕ್ಕೆ ಸ್ಯಾನ್ ಫರ್ನಾಂಡೊ ಹತ್ತಿರ ಮೆರವಣಿಗೆ ಮೇಲೆ ಗುಂಡು ಹಾರಿಸಿದರು. ಕನಿಷ್ಠ 16 ಜನ ಸತ್ತರು, ನೂರಕ್ಕೂ ಹೆಚ್ಚು ಜನಕ್ಕೆ ಗಾಯ. ಒಂದೇ ವರ್ಷ, ಒಂದೇ ಹೆದರಿಕೆ. ಬಡವರು ಡೋಲು ಹಿಡಿದು ಒಟ್ಟಿಗೆ ಬೀದಿಗೆ ಬಂದರೆ ಸರ್ಕಾರಕ್ಕೆ ನಿದ್ದೆ ಬರ್ತಿರಲಿಲ್ಲ.

ಹೋಸೇ ಜೊತೆ ಹೋದ ತಾಶಾ ವಾದ್ಯ ಈಗ ಟ್ರಿನಿಡಾಡ್‌ನ ಮದುವೆ, ಮ್ಯಾಚು, ಕಾರ್ನಿವಲ್ ಎಲ್ಲಾ ಕಡೆ ಇದೆ. ಬಾರಿಸುವ ಮುಂಚೆ ಚರ್ಮ ಬಿಗಿಯಾಗಲಿ ಅಂತ ಬೆಂಕಿಗೆ ಹಿಡಿದು ಕಾಸುತ್ತಾರೆ. 1970ರ ದಶಕದಲ್ಲಿ ಲಾರ್ಡ್ ಶಾರ್ಟಿ ಎಂಬ ಗಾಯಕ ಕ್ಯಾಲಿಪ್ಸೋ ಅನ್ನೋ ಅಲ್ಲಿನ ಹಾಡಿನ ಜೊತೆ ಈ ಭಾರತೀಯ ತಾಳ, ಢೋಲಕ್, ಕಬ್ಬಿಣದ ಸರಳಿನ ಧಂತಾಲ್ ಸೇರಿಸಿ ಹೊಸ ಹಾಡು ಕಟ್ಟಿದ. ಅದೇ ಸೋಕಾ. ನೀವು ಲಂಡನ್ ಲಾರಿಗಳಲ್ಲಿ ಕೇಳೋದು ಅದನ್ನೇ. 1980ರ ದಶಕದ ಕೊನೆಗೆ ದ್ರೌಪತಿ ರಾಮಗೂನೈ ಎಂಬ ಗಾಯಕಿ ಅಲ್ಲಿನ ಭಾರತೀಯರ ಚಟ್ನಿ ಹಾಡು, ಸೋಕಾ ಎರಡೂ ಬೆರೆತ ಚಟ್ನಿ ಸೋಕಾ ಹಾಡಿದಾಗ ಭಾರತೀಯ ಮೂಲದ ಹಿರಿಯರೇ ಬೈದರು, ಹಿಂದೂ ಹೆಣ್ಣುಮಗಳು ಕಾರ್ನಿವಲ್‌ನಲ್ಲಿ ಹಾಡೋದಾ ಅಂತ. ಈಗ ಅದೇ ಚಟ್ನಿ ಸೋಕಾಗೆ ದೊಡ್ಡ ಸ್ಪರ್ಧೆ ನಡೆಯುತ್ತೆ.

ಇನ್ನೊಂದು ಹೆಸರು ಜಿತ್ ಸಮರೂ. ಭಾರತೀಯ ಮೂಲದವರು. ರೆನಿಗೇಡ್ಸ್ ಸ್ಟೀಲ್ ಬ್ಯಾಂಡಿಗೆ ಸಂಗೀತ ಸಂಯೋಜಿಸಿ ಪನೋರಮಾ ಅನ್ನೋ ಸ್ಟೀಲ್ ಬ್ಯಾಂಡ್‌ಗಳ ಸ್ಪರ್ಧೆ 9 ಸಲ ಗೆಲ್ಲಿಸಿದರು.

ಚಿನ್ನಸ್ವಾಮಿ_ಗ್ಯಾಲರಿ

ವಿಷಯ ಸ್ವಲ್ಪ ಆಚೆ ಹೋಗ್ತೀನಿ, ಕ್ಷಮಿಸಿ. 1971ರಲ್ಲಿ ನಾವು ವೆಸ್ಟ್ ಇಂಡೀಸ್‌ನಲ್ಲಿ ಸರಣಿ ಗೆದ್ದಾಗ ಗವಾಸ್ಕರ್ ಮೇಲೆ ಲಾರ್ಡ್ ರಿಲೇಟರ್ ಕ್ಯಾಲಿಪ್ಸೋ ಕಟ್ಟಿದರು. ಸೋತ ಊರಿನವರು ಗೆದ್ದವನ ಮೇಲೆ ಹಾಡು ಬರೆಯೋದು ಅಂದ್ರೆ! ಅವರ ಕ್ಯಾಲಿಪ್ಸೋ ಅಂದ್ರೇ ಹಾಗೆ. ಪ್ರಧಾನಿ, ಬೆಲೆಯೇರಿಕೆ, ಪಕ್ಕದ ಮನೆ ಜಗಳ, ಎಲ್ಲಾ ಹಾಡಿಗೆ ಬರುತ್ತೆ. ರಿಚರ್ಡ್ಸ್, ಗ್ರೀನಿಜ್ ಇಬ್ಬರೂ ಮೊದಲ ಟೆಸ್ಟ್ ಆಡಿದ್ದು ನಮ್ಮ ಬೆಂಗಳೂರಲ್ಲೇ, 1974. ಅಷ್ಟೇ, ಮುಂದುವರಿಸಿ.

ಪೀಣ್ಯ_ಪ್ರೆಸ್‌ಶಾಪ್

ಗ್ಯಾಲರಿ ಸರ್, ನೀವು ಎಲ್ಲಿಗೆ ಹೋದರೂ ಕ್ರಿಕೆಟ್ ತರ್ತೀರಿ 😄

ನಂದು ಶೀಟ್ ಮೆಟಲ್ ಕೆಲಸ. ಆ ಪ್ಯಾನ್ ಮಾಡೋದು ನೋಡಿ ತಲೆ ತಿರುಗಿತು, ಅದನ್ನ ಹೇಳ್ತೀನಿ. ನಮ್ಮಲ್ಲಿ ಆಯಿಲ್ ಬರೋ 200 ಲೀಟರ್ ಬ್ಯಾರಲ್ ಇದೆಯಲ್ಲ, ಹೆಚ್ಚುಕಮ್ಮಿ ಅದೇ. ತಳವನ್ನು ಸುತ್ತಿಗೆಯಿಂದ ಬಡಿದು ಬಡಿದು ಬಾಣಲೆ ಥರ ಒಳಕ್ಕೆ ಇಳಿಸ್ತಾರೆ. ಡೈ ಇಲ್ಲ, ಪ್ರೆಸ್ ಇಲ್ಲ, ಬರೀ ಕೈ. ಒಂದು ಕಡೆ ಜಾಸ್ತಿ ಎಳೆದರೆ ತಗಡು ಸೀಳುತ್ತೆ. ಆಮೇಲೆ ಪಂಚ್ ಇಟ್ಟು ಒಂದೊಂದು ಸ್ವರದ ಗಡಿ ಗುರುತು ಮಾಡ್ತಾರೆ. ಬೆಂಕಿಯಲ್ಲಿ ಕಾಯಿಸಿ ಹದ ಮಾಡ್ತಾರೆ. ಆಮೇಲೆ ಶುರು ನಿಜವಾದ ಕೆಲಸ, ಟ್ಯೂನಿಂಗ್. ಕೆಳಗಿನಿಂದ ಒಂದು ಪೆಟ್ಟು, ಮೇಲಿನಿಂದ ಒಂದು ಪೆಟ್ಟು, ಕೇಳು, ಮತ್ತೆ ಪೆಟ್ಟು. ಒಂದು ಸ್ವರ ಸರಿ ಮಾಡೋವಾಗ ಪಕ್ಕದ್ದು ಕೆಡುತ್ತೆ, ಎಲ್ಲಾ ಒಂದೇ ತಗಡಲ್ವಾ. ಅದಕ್ಕೇ ಒಂದಕ್ಕೊಂದು ಹೊಂದುವ ಸ್ವರಗಳನ್ನೇ ಅಕ್ಕಪಕ್ಕ ಇಡ್ತಾರೆ. ಆಂಥೋನಿ ವಿಲಿಯಮ್ಸ್ ಅನ್ನೋರು ತಂದ ಆ ಜೋಡಣೆ ಜೇಡರ ಬಲೆ ಥರ ಕಾಣುತ್ತೆ. ತಾರ ಸ್ವರದ ಪ್ಯಾನ್‌ಗೆ ಪಕ್ಕದ ಗೋಡೆ ಗಿಡ್ಡ ಕತ್ತರಿಸ್ತಾರೆ. ಬೇಸ್‌ಗೆ ಇಡೀ ಡ್ರಮ್ಮೇ ಬೇಕು, ಒಬ್ಬನ ಸುತ್ತ ಆರು, ಒಂಬತ್ತು ಡ್ರಮ್ ನಿಂತಿರ್ತವೆ, ಅವನು ತಿರುಗಿ ತಿರುಗಿ ಬಾರಿಸ್ತಾನೆ.

ಸುಮ್ನೆ ಒಂದು ಸಲ ಹಳೇ ಬ್ಯಾರಲ್ ಮೇಲೆ ಕೈ ಇಟ್ಟು ನೋಡಿ ಎಷ್ಟು ಗಟ್ಟಿ ಅಂತ.

ಕ್ರಾಯ್ಡನ್_ಕಾಫಿ

ಪೀಣ್ಯದವರೇ, ಸೂಪರ್. ಇದಕ್ಕೆ ಒಂದು ಕೊಂಡಿ ಇದೆ. 1951ರಲ್ಲಿ ಟ್ರಿನಿಡಾಡ್‌ನಿಂದ 'ಟ್ಯಾಸ್ಪೋ' ಅನ್ನೋ ಸ್ಟೀಲ್ ಬ್ಯಾಂಡ್ ಬ್ರಿಟನ್ನಿನ ಉತ್ಸವಕ್ಕೆ ಲಂಡನ್‌ಗೆ ಬಂತು. ಅದಕ್ಕೆ ಮುಂಚೆ ಅವರ ಊರಲ್ಲೇ ಪ್ಯಾನ್ ಬಾರಿಸೋರು ಅಂದ್ರೆ ಪುಂಡರು. ಮರ್ಯಾದಸ್ಥರ ಮನೆಯ ಮಕ್ಕಳಿಗೆ ಆ ಕಡೆ ಹೋದರೆ ಏಟು ಬೀಳುತ್ತಿತ್ತು. ಆ ತಂಡದಲ್ಲಿ ಬಂದ ಸ್ಟರ್ಲಿಂಗ್ ಬೆಟನ್‌ಕೋರ್ಟ್ ವಾಪಸ್ ಹೋಗಲಿಲ್ಲ. 1966ರಲ್ಲಿ ಹೆಂಡರ್ಸನ್ ಜೊತೆ ನಾಟಿಂಗ್ ಹಿಲ್ ಬೀದೀಲಿ ನಡೆದವರಲ್ಲಿ ಅವರೂ ಇದ್ದರು.

ಜಯನಗರ_ಜೋಳಿಗೆ

ಅಬ್ಬಾ, ಇಷ್ಟು ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಬೇರೆ ದ್ವೀಪಗಳಲ್ಲೂ ಹೀಗೇನಾ, ಇಲ್ಲ ಎಲ್ಲಾ ಟ್ರಿನಿಡಾಡ್‌ನ ನಕಲಾ?

ತಮಟೆ_ಮಂಜ

ನಕಲು ಅಂದ್ರೆ ಆ ದ್ವೀಪದವರು ಹೊಡೀತಾರೆ! ಬಹಾಮಾಸ್‌ನ ಜಂಕನೂ ನೋಡಿ. ಕ್ರಿಸ್ಮಸ್ ಮಾರನೇ ದಿನ ಮತ್ತು ಹೊಸ ವರ್ಷಕ್ಕೆ, ಮಧ್ಯರಾತ್ರಿ ಕಳೆದ ಮೇಲೆ ಶುರು. ರಟ್ಟಿನ ಮೇಲೆ ಕ್ರೇಪ್ ಕಾಗದ ಸಣ್ಣಗೆ ಕತ್ತರಿಸಿ ಅಂಟಿಸಿದ ವೇಷ, ಮೇಕೆ ಚರ್ಮದ ಡೋಲು, ಹಸುವಿನ ಗಂಟೆ. ಬಾರ್ಬಡೋಸ್‌ನ ಕ್ರಾಪ್ ಓವರ್ ಕಬ್ಬಿನ ಸುಗ್ಗಿ ಹಬ್ಬ. ನಿಂತುಹೋಗಿತ್ತು, 1974ರಲ್ಲಿ ಮತ್ತೆ ಎಬ್ಬಿಸಿದರು. ಗ್ರೆನಡಾದಲ್ಲಿ ಜ್ಯಾಬ್ ಜ್ಯಾಬ್‌ಗಳು ಹಳೇ ಎಂಜಿನ್ ಆಯಿಲ್ಲೋ ಕಾಕಂಬಿಯೋ ಬಳಿದುಕೊಂಡು, ಕೊಂಬಿನ ಟೊಪ್ಪಿಗೆ ಹಾಕಿ, ಸರಪಳಿ ಎಳೆದುಕೊಂಡು ಬರ್ತಾರೆ. ನಮ್ಮನ್ನು ದೆವ್ವ ಅಂದಿರಲ್ಲ, ತಗೊಳ್ಳಿ ದೆವ್ವ, ಅನ್ನೋ ಧಾಟಿ. ಮಾರ್ಟಿನಿಕ್‌ನಲ್ಲಿ ವಾವಾಲ್ ಅನ್ನೋ ಬೊಂಬೆ ರಾಜನನ್ನು ಬೂದಿ ಬುಧವಾರ ಸಂಜೆ ಸುಡ್ತಾರೆ. ಎಲ್ಲರೂ ಕಪ್ಪು-ಬಿಳಿ ಬಟ್ಟೆ ಹಾಕಿ ಸುಳ್ಳು ಸುಳ್ಳೇ ಅಳ್ತಾರೆ.

ಕ್ಯೂಬಾದ ಸಾಂಟಿಯಾಗೊದ ಕಾರ್ನಿವಲ್ ಜುಲೈನಲ್ಲಿ. 1953ರ ಜುಲೈ 26ರಂದು ಫಿಡೆಲ್ ಕ್ಯಾಸ್ಟ್ರೊ ಮೊಂಕಾಡಾ ಸೇನಾ ಠಾಣೆಗೆ ನುಗ್ಗಿದ್ದು ಇದೇ ಹಬ್ಬದ ಬೆಳಗಿನ ಜಾವ. ಊರು ತುಂಬಾ ಹೊರಗಿನ ಜನ, ಸೈನಿಕರು ಮತ್ತಿನಲ್ಲಿ ಇರ್ತಾರೆ ಅನ್ನೋ ಲೆಕ್ಕ. ಲೆಕ್ಕ ಕೈಕೊಟ್ಟಿತು, ಅದು ಬೇರೆ ವಿಷಯ. ಅಲ್ಲಿ ಕೊಂಗಾ ಅನ್ನೋ ಡೋಲಿನ ಮೆರವಣಿಗೆಯ ಮುಂದೆ ಊದುವುದು ಚೀನಾದ ವಾದ್ಯ. ಕೂಲಿಗೆ ಹೋದ ಚೀನೀಯರು ತಂದದ್ದು.

ಸೀದಾಮಾತು_ಸಿದ್ದ

ಸರಿ ಮಾರಾಯ್ರೆ, ಓದ್ತಾ ಹೋದರೆ ಮಜಾ ಇದೆ. ಆದರೂ ಹಗ್ಗದ ಮಾತು ಬಿಡಲ್ಲ. ಮತ್ತೆ ಲಂಡನ್‌ನಲ್ಲಿ ಪ್ರತಿ ವರ್ಷ ಚಾಕು, ಬಂಧನ ಅಂತ ಪೇಪರ್‌ನಲ್ಲಿ ಬರುತ್ತಲ್ಲ, ಅದನ್ನು ಯಾಕೆ ಯಾರೂ ಹೇಳ್ತಿಲ್ಲ?

ಕ್ರಾಯ್ಡನ್_ಕಾಫಿ

ಹೇಳ್ತೀನಿ. ಅಪರಾಧ ನಡೆಯುತ್ತೆ, ಜೀವ ಹೋದದ್ದೂ ಇದೆ. ಹತ್ತು ಲಕ್ಷಕ್ಕೂ ಮೇಲೆ ಜನ ಎರಡು ದಿನ ಸಣ್ಣ ಸಣ್ಣ ಬೀದಿಗಳಲ್ಲಿ ಸೇರ್ತಾರೆ, ನೂಕುನುಗ್ಗಲಿನ ಭಯ ನನಗೆ ಚಾಕುಗಿಂತ ಜಾಸ್ತಿ. ಆದರೆ ಪೇಪರ್‌ನವರು ಬರೆಯೋದು ಅದೊಂದನ್ನೇ. 2017ರಲ್ಲಿ ಹತ್ತಿರದ ಗ್ರೆನ್‌ಫೆಲ್ ಕಟ್ಟಡಕ್ಕೆ ಬೆಂಕಿ ಬಿದ್ದು 72 ಜನ ಸತ್ತರು. ಆಮೇಲೆ ಕಾರ್ನಿವಲ್‌ನಲ್ಲಿ ಮಧ್ಯಾಹ್ನ 3 ಗಂಟೆಗೆ ಎಲ್ಲಾ ಸ್ಪೀಕರ್ ಬಂದ್ ಮಾಡಿ ಮೌನ ಆಚರಿಸ್ತಾರೆ. ಲಾರಿ ಮೇಲಿನ ಹುಡುಗರು ತಲೆ ಬಗ್ಗಿಸಿ ನಿಲ್ತಾರೆ. ಅದು ಹೆಡ್‌ಲೈನ್ ಆಗಲ್ಲ.

ಹಗ್ಗ ಲಂಡನ್‌ನಲ್ಲೂ ಇದೆ, ಆದರೆ ರಸ್ತೆಗೆ ಟಿಕೆಟ್ ಇಲ್ಲ. ಯಾರು ಬೇಕಾದರೂ ಬರಬಹುದು. ಕಾರ್ನಿವಲ್‌ಗೆ ಟಿಕೆಟ್ ಹಾಕಿ, ಹೈಡ್ ಪಾರ್ಕ್‌ಗೆ ಕಳಿಸಿ ಅಂತ ಆಗಾಗ ಕೂಗು ಏಳುತ್ತೆ. ಬೀದಿ ಬಿಟ್ಟುಕೊಟ್ಟರೆ ಇನ್ನೇನು ಉಳೀತು ಅಂತ ನಡೆಸೋರು ಒಪ್ಪಲ್ಲ.

ಜಯನಗರ_ಜೋಳಿಗೆ

ಹಾಗಾದರೆ ಯಾವ ದಿನ ಹೋಗಲಿ? ಅಕ್ಕನ ಮಗಳು ಏಳು ವರ್ಷದವಳು. ಪೀಣ್ಯದವರು ಹೇಳಿದ ಮೇಲೆ ಪ್ಯಾನ್ ಕೇಳಲೇಬೇಕು ಅನ್ನಿಸಿದೆ. ಲಾರಿ ಸ್ಪೀಕರ್ ಮಧ್ಯೆ ಅದು ಕೇಳುತ್ತಾ?

ಕ್ರಾಯ್ಡನ್_ಕಾಫಿ

ಕೇಳಲ್ಲ. ಅದಕ್ಕೇ ಶನಿವಾರ ಸಂಜೆ ಹೋಗಿ. ಎಮ್ಸ್ಲೀ ಹಾರ್ನಿಮನ್ ಅನ್ನೋ ಪಾರ್ಕಿನಲ್ಲಿ ಸ್ಟೀಲ್ ಬ್ಯಾಂಡ್‌ಗಳ ಪನೋರಮಾ ಸ್ಪರ್ಧೆ ಇರುತ್ತೆ. ಒಳಗೆ ಹೋಗೋಕೆ ಟಿಕೆಟ್ ಬೇಕಾ ಅಂತ ಮೊದಲೇ ನೋಡ್ಕೊಳ್ಳಿ. ಬ್ಯಾಂಡಿನವರು ಸರದಿಗೆ ಮುಂಚೆ ಪಕ್ಕದಲ್ಲಿ ನಿಂತು ಅಭ್ಯಾಸ ಮಾಡ್ತಿರ್ತಾರೆ, ಹತ್ತಿರ ಹೋಗಿ ನಿಲ್ಲಿ, ಯಾರೂ ಬೈಯಲ್ಲ. ಕೈಯಲ್ಲಿ ಕಾಗದ ಇರಲ್ಲ, ಎಲ್ಲಾ ತಲೇಲಿ.

ಮಗುವಿಗೆ ಭಾನುವಾರ. ಅವತ್ತು ಮಕ್ಕಳ ಮೆರವಣಿಗೆ, ಜನ ಸ್ವಲ್ಪ ಕಮ್ಮಿ. ಬೆಳಿಗ್ಗೆ ಬೇಗ ಹೋಗಿ ಮಧ್ಯಾಹ್ನ ಹೊರಟುಬಿಡಿ. ಅವಳ ಕಿವಿಗೆ ಮುಚ್ಚೋದು ಒಯ್ಯಿರಿ, ಸ್ಪೀಕರ್ ಸದ್ದು ಎದೆಗೆ ಬಡಿಯುತ್ತೆ. ಹತ್ತಿರದ ಟ್ಯೂಬ್ ಸ್ಟೇಷನ್‌ಗಳಲ್ಲಿ ಕೆಲವು ಮುಚ್ಚಿರ್ತವೆ, ಒಂದೆರಡು ಸ್ಟೇಷನ್ ಮುಂಚೆ ಇಳಿದು ನಡೆಯಿರಿ. ಟಾಯ್ಲೆಟ್‌ಗೆ ದೊಡ್ಡ ಸಾಲು. ಅಲ್ಲಿನ ಮನೆಯವರು ಕೆಲವರು ದುಡ್ಡು ತಗೊಂಡು ತಮ್ಮ ಬಾತ್‌ರೂಮ್ ಬಿಟ್ಟುಕೊಡ್ತಾರೆ, ಚಿಲ್ಲರೆ ಇಟ್ಟುಕೊಳ್ಳಿ. ಸಸ್ಯಾಹಾರಿಗಳಾದರೆ ಬಾಳೆಹಣ್ಣಿನ ಥರದ ಪ್ಲಾಂಟೇನ್ ಕರಿದದ್ದು ಕೇಳಿ. ಟ್ರಿನಿಡಾಡ್‌ನವರ ಅಂಗಡಿ ಕಂಡರೆ ಡಬಲ್ಸ್ ತಿನ್ನಿ, ಬಾರಾ ಅನ್ನೋ ಎರಡು ಪುಟ್ಟ ಕರಿದ ರೊಟ್ಟಿಗಳ ಮಧ್ಯೆ ಕಡಲೆಕಾಳಿನ ಪಲ್ಯ. ಖಾರ ಎಷ್ಟು ಅಂತ ಕೇಳಿದರೆ "ಸ್ವಲ್ಪ" ಅನ್ನಿ. ಅವರ ಮೆಣಸಿನಕಾಯಿ ನಮ್ಮ ಬ್ಯಾಡಗಿ ಥರ ಅಲ್ಲ.